ಕ್ಯೂಬ್ ಟೆಸ್ಟ್ ಕಮ್ಮಿ ಬಂದರೆ: ಹೊಸ ಸೈಟ್ ಎಂಜಿನಿಯರ್ ಮಾಡಬೇಕಾದ ಕೆಲಸ

ಕಾಲೇಜು ಮುಗಿಸಿ ಹುಬ್ಬಳ್ಳಿ-ಧಾರವಾಡದಲ್ಲಿ ಈಗಷ್ಟೇ ಸೈಟ್‌ಗೆ ಇಳಿದ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗೋಕುಲ ರೋಡ್, ನವನಗರ, ಸತ್ತೂರು, ಎಲ್ಲಿ ನೋಡಿದರೂ ಕಟ್ಟಡಗಳು ಏಳುತ್ತಿವೆ. ಒಂದೊಂದು ಕಟ್ಟಡಕ್ಕೂ ಒಂದು ಫೈಲ್ ಇರುತ್ತದೆ. ಕಟ್ಟಡಕ್ಕೆ ಹಾಕುವ ಕಾಂಕ್ರೀಟನ್ನೇ ಅಚ್ಚಿನಲ್ಲಿ ತುಂಬಿ ಮಾಡಿದ ಗಟ್ಟಿಯೇ ಕ್ಯೂಬ್, ಅದನ್ನು ಯಂತ್ರದಲ್ಲಿ ಒಡೆದು ತಾಕತ್ತು ನೋಡುತ್ತಾರೆ. ಫೈಲಿನೊಳಗಿನ ಕ್ಯೂಬ್ ರಿಜಿಸ್ಟರ್‌ಗೆ ಸಹಿ ಹಾಕುವವರು ಹೆಚ್ಚಾಗಿ ಸೈಟ್‌ನಲ್ಲಿ ಎಲ್ಲರಿಗಿಂತ ಚಿಕ್ಕವರು, ಅಂದರೆ ನೀವು.

28ನೇ ದಿನ ಲ್ಯಾಬ್‌ನಿಂದ ರಿಪೋರ್ಟ್ ಬಂತು ಅಂದುಕೊಳ್ಳಿ. ಡ್ರಾಯಿಂಗ್‌ನಲ್ಲಿ ಎಂ 25 ಅಂತಿದೆ, ಅಂದರೆ ಚದರ ಮಿಲಿಮೀಟರ್‌ಗೆ 25 ನ್ಯೂಟನ್ ತಾಕತ್ತು ಬೇಕು, ಬಂದದ್ದು 20. ಮೇಲಿನ ಫ್ಲೋರ್‌ಗೆ ಸೆಂಟ್ರಿಂಗ್ ಆಗಲೇ ಶುರುವಾಗಿದೆ. ಕಾಂಟ್ರಾಕ್ಟರ್ ಹತ್ತಿರ ಬಂದು ಪ್ರೀತಿಯಿಂದಲೇ ಹೇಳುತ್ತಾರೆ: “ಸಾಹೇಬ್ರ, ಏನೂ ಆಗಂಗಿಲ್ರಿ. ಮೂವತ್ತ್ ಮನಿ ಕಟ್ಟೇನಿ, ಒಂದರೆ ಬಿದ್ದೈತೇನ್ರಿ? ಇಪ್ಪತ್ತಾರ ಅಂತ ಬರದ್ ಕೊಟ್ಟಬಿಡ್ರಿ.”

ಈ ಮಾತಿಗೆ ಆ ಕ್ಷಣದಲ್ಲಿ ಉತ್ತರ ಹುಡುಕಲು ಹೋದರೆ ಸಿಗುವುದಿಲ್ಲ. ಎದುರಿಗೆ ನಿಂತವರಿಗೆ ನಿಮ್ಮ ವಯಸ್ಸಿನಷ್ಟು ಅನುಭವ ಇರುತ್ತದೆ. ನಿಮ್ಮ ಸಂಬಳ ಅವರ ಅಥವಾ ಅವರ ಗೆಳೆಯರ ಕೈಯಲ್ಲಿರುತ್ತದೆ. ಅದಕ್ಕೇ ಉತ್ತರವನ್ನು ಒಂದು ತಿಂಗಳು ಮೊದಲೇ, ಕಾಂಕ್ರೀಟ್ ಹಾಕುವ ಮುಂಚೆಯೇ ತಯಾರು ಮಾಡಿಟ್ಟುಕೊಳ್ಳಬೇಕು. ನಾನು ಹೇಳಬೇಕೆಂದಿರುವುದು ಇದೇ. ಧಾರವಾಡದವರಿಗೆ ಇದು ಪುಸ್ತಕದ ವಿಷಯ ಅಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಆ ದಿನಗಳನ್ನು ಈ ಊರು ಇನ್ನೂ ಮರೆತಿಲ್ಲ.

ಮೊದಲು: ನಿಯಮವನ್ನು ಮುಂಚೆಯೇ ಬರೆದಿಡಿ

ಸ್ಲ್ಯಾಬ್ ಹಾಕುವುದಕ್ಕೆ ಒಂದು ವಾರ ಮೊದಲು ಮಾಲಕರು, ಕಾಂಟ್ರಾಕ್ಟರ್, ಸ್ಟ್ರಕ್ಚರಲ್ ಡಿಸೈನರ್ ಮೂವರಿಗೂ ಒಂದು ಪುಟದ ಕಾಗದ ಕಳಿಸಿ. ಎಷ್ಟು ಕ್ಯೂಬ್ ತೆಗೆಯುತ್ತೇವೆ, ಎಲ್ಲಿ ಟೆಸ್ಟ್ ಮಾಡಿಸುತ್ತೇವೆ, ಎಷ್ಟು ಬಂದರೆ ಪಾಸು, ಕಮ್ಮಿ ಬಂದರೆ ಏನು ಮಾಡುತ್ತೇವೆ, ಇಷ್ಟು ಬರೆದರೆ ಸಾಕು. ಈಗ ಯಾರಿಗೂ ತಕರಾರು ಇರುವುದಿಲ್ಲ, ಯಾಕೆಂದರೆ ಯಾರ ದುಡ್ಡೂ ಇನ್ನೂ ಸಿಕ್ಕಿಹಾಕಿಕೊಂಡಿಲ್ಲ. ಎಲ್ಲರೂ “ಓಕೆ” ಅಂತಾರೆ. ಆ ಓಕೆಯನ್ನು ಸಹಿ ರೂಪದಲ್ಲೋ ವಾಟ್ಸಾಪ್‌ನಲ್ಲೋ ಇಟ್ಟುಕೊಳ್ಳಿ.

ನಿಯಮವನ್ನು ನೀವೇನೂ ಹೊಸದಾಗಿ ಹುಟ್ಟುಹಾಕಬೇಕಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಆದ ಐಎಸ್ 456ರಲ್ಲಿ ಎಲ್ಲ ಇದೆ. 5 ಘನ ಮೀಟರ್‌ವರೆಗೆ ಒಂದು ಸ್ಯಾಂಪಲ್, 15ರವರೆಗೆ ಎರಡು, 30ರವರೆಗೆ ಮೂರು, 50ರವರೆಗೆ ನಾಲ್ಕು. ಒಂದು ಸ್ಯಾಂಪಲ್ ಅಂದರೆ ಮೂರು ಕ್ಯೂಬ್, ಅವುಗಳ ಸರಾಸರಿಯೇ ಫಲಿತಾಂಶ. ಎಂ 25ಕ್ಕೆ ಯಾವ ಒಂದು ಫಲಿತಾಂಶವೂ 22ಕ್ಕಿಂತ ಕೆಳಗೆ ಹೋಗಬಾರದು. ಸಾಲಾಗಿ ಬಂದ ನಾಲ್ಕು ಫಲಿತಾಂಶಗಳ ಸರಾಸರಿ ಕನಿಷ್ಠ 28 ಇರಬೇಕು.

28 ಅಂದ ಕೂಡಲೇ ಕೆಲವರು ಹುಬ್ಬು ಏರಿಸುತ್ತಾರೆ. “25 ಬೇಕು ಅಂದಮೇಲೆ 25 ಬಂದರೆ ಸಾಕಲ್ವಾ?” ಸಾಲದು. ಎಂ 25 ಅಂದರೆ ನೂರು ಫಲಿತಾಂಶದಲ್ಲಿ ಐದಕ್ಕಿಂತ ಜಾಸ್ತಿ 25ರ ಕೆಳಗೆ ಬೀಳಬಾರದು ಅಂತ ಅರ್ಥ. ಸರಾಸರಿಯೇ 25 ಇದ್ದರೆ ಹತ್ತಿರಹತ್ತಿರ ಅರ್ಧ ಕಾಂಕ್ರೀಟ್ ಅದಕ್ಕಿಂತ ಕೆಳಗಿರುತ್ತದೆ. ಅದಕ್ಕೇ ಮಿಕ್ಸ್ ಡಿಸೈನ್ (ಸಿಮೆಂಟ್, ಉಸುಕು, ಖಡಿ, ನೀರಿನ ಪ್ರಮಾಣದ ಲೆಕ್ಕ) ಮಾಡುವಾಗ 31.6ಕ್ಕೆ ಗುರಿ ಇಡುವುದು. ಕೋಡ್ ಹಿಡಿದಿರುವ 4 ಅನ್ನುವ ಏರಿಳಿತವನ್ನು (ಸ್ಟ್ಯಾಂಡರ್ಡ್ ಡೀವಿಯೇಶನ್) 1.65ರಿಂದ ಗುಣಿಸಿ 25ಕ್ಕೆ ಸೇರಿಸಿದಾಗ ಬರುವ ಅಂಕಿ ಅದು. ಇದನ್ನು ಮಾಲಕರಿಗೆ ಒಮ್ಮೆ ಕಾಗದದ ಮೇಲೆ ಬರೆದು ತೋರಿಸಿ, ಅರ್ಥವಾಗುತ್ತದೆ.

ಕ್ಯೂಬ್ ತುಂಬುವಾಗ ನೀವೇ ಅಲ್ಲಿರಿ

ಕ್ಯೂಬ್‌ಗೆ ಅಂತಲೇ ಬೇರೆ ಮಾಲು ಕಲಸುವ ಅಭ್ಯಾಸ ಕೆಲವು ಕಡೆ ಇದೆ. ಎರಡು ಬೊಗಸೆ ಸಿಮೆಂಟ್ ಜಾಸ್ತಿ, ನೀರು ಸ್ವಲ್ಪ ಕಮ್ಮಿ. ಆ ಕ್ಯೂಬ್ ಒಡೆದರೆ ಬರುವುದು ಆ ಬುಟ್ಟಿಯ ತಾಕತ್ತು, ಸ್ಲ್ಯಾಬ್‌ನದಲ್ಲ. ಇದನ್ನು ತಡೆಯಲು ಜಗಳ ಬೇಡ. ಯಾವ ಬ್ಯಾಚ್‌ನಿಂದ ತೆಗೆಯಬೇಕು ಅನ್ನುವುದನ್ನು ಬೆಳಿಗ್ಗೆಯೇ ಚೀಟಿ ಎತ್ತಿ ತೀರ್ಮಾನಿಸಿ. ಆ ಬ್ಯಾಚ್ ಬಂದಾಗ ಹೋಗಿ ನಿಲ್ಲಿ. ಸ್ಲ್ಯಾಬ್ ಮೇಲೆ ಬೀಳುತ್ತಿರುವ ಮಾಲನ್ನೇ ತುಂಬಿಸಿ. ಮಧ್ಯಾಹ್ನ ಊಟದ ನಂತರದ ಬ್ಯಾಚನ್ನು ಚೀಟಿಯಲ್ಲಿ ಮರೆಯದೆ ಸೇರಿಸಿ. ಬಿಸಿಲಿಗೆ ಮಾಲು ಗಟ್ಟಿಯಾಗಿ ಗೌಂಡಿಗಳು ಪೈಪು ಹಿಡಿದು ನೀರು ಸುರಿಯುವುದು ಹೆಚ್ಚಾಗಿ ಆಗಲೇ.

ಮೂರರ ಬದಲು ಆರು ಕ್ಯೂಬ್ ತುಂಬಿಸಿ. ಮೂರನ್ನು 7ನೇ ದಿನ, ಮೂರನ್ನು 28ನೇ ದಿನ ಒಡೆಸಿ. 7ನೇ ದಿನಕ್ಕೆ ಸುಮಾರು ಮೂರನೇ ಎರಡು ಭಾಗ ತಾಕತ್ತು ಬಂದಿರಬೇಕು, ಎಂ 25ಕ್ಕೆ 16-17ರ ಹತ್ತಿರ. 12 ಬಂದರೆ ಆವತ್ತೇ ಗೊತ್ತಾಗುತ್ತದೆ, ಮೇಲೆ ಇನ್ನೊಂದು ಫ್ಲೋರ್ ಏರುವ ಮೊದಲೇ. ತಪ್ಪು ಬೇಗ ಗೊತ್ತಾದಷ್ಟೂ ಅದನ್ನು ಒಪ್ಪಿಕೊಳ್ಳುವ ಖರ್ಚು ಕಮ್ಮಿ. ಸುಳ್ಳು ಬರೆಯುವ ಒತ್ತಡವೂ ಅಷ್ಟೇ ಕಮ್ಮಿ.

ಇನ್ನೊಂದು ಮಾತು. ಕ್ಯೂಬ್ ಪಾಸಾದ ಮಾತ್ರಕ್ಕೆ ಸ್ಲ್ಯಾಬ್ ಪಾಸಾಯಿತು ಅಂತಲ್ಲ. ಕ್ಯೂಬ್ ತಣ್ಣಗೆ ನೀರಿನ ಟ್ಯಾಂಕಿನಲ್ಲಿ ಮಲಗಿರುತ್ತದೆ. ಸ್ಲ್ಯಾಬ್ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಒಣಗುತ್ತಿರುತ್ತದೆ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಆದರೆ ಕನಿಷ್ಠ 10 ದಿನ, ಬಿಸಿಲು ಗಾಳಿ ಜೋರಿದ್ದರೆ 14 ದಿನ ನೀರು ಉಣಿಸಬೇಕು. ಗೋಣಿ ತಟ್ಟು ಹಾಸಿ ತೋಯಿಸಿದ ಫೋಟೋವನ್ನು ದಿನಾ ಗ್ರೂಪ್‌ಗೆ ಹಾಕಿ.

ಅಂಕಿ ಬರೆಯುವ ಕ್ರಮ

ಹೊಲಿದ ನೋಟ್‌ಬುಕ್ ಇಟ್ಟುಕೊಳ್ಳಿ. ಪುಟಕ್ಕೆ ನಂಬರ್ ಹಾಕಿ, ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ಒಂದೇ ಗೆರೆ ಎಳೆಯಿರಿ, ಹಳೆಯ ಅಂಕಿ ಓದಲು ಬರುವಂತಿರಲಿ, ಪಕ್ಕದಲ್ಲಿ ದಿನಾಂಕ ಮತ್ತು ಚಿಕ್ಕ ಸಹಿ. ವೈಟ್ನರ್ ಮುಟ್ಟಬೇಡಿ. ಪ್ರಯೋಗಾಲಯದಲ್ಲಿ ವಿಜ್ಞಾನಿಗಳು ನೋಟ್‌ಬುಕ್ ಇಡುವುದೂ ಹೀಗೆಯೇ. ಬೇರೆಯವರು ಬಂದು ಪರೀಕ್ಷಿಸಲು ಆಗುವಂತಿರಬೇಕು, ಅಷ್ಟೇ.

ಒತ್ತಡದ ತಾಕತ್ತು ಒಂದನ್ನೇ ಬರೆದರೆ ಸಾಲದು. ಕ್ಯೂಬ್‌ನ ತೂಕ, ಯಂತ್ರ ತೋರಿಸಿದ ಭಾರ, ಒಡೆದ ದಿನ, ಸಮಯ ಎಲ್ಲ ಇರಲಿ. ಇವು ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. 150 ಮಿಲಿಮೀಟರ್ ಕ್ಯೂಬ್ ಮೇಲ್ಮೈ 22,500 ಚದರ ಮಿಲಿಮೀಟರ್. 25 ಬರಬೇಕಾದರೆ ಯಂತ್ರ 562.5 ಕಿಲೋನ್ಯೂಟನ್ ತೋರಿಸಿರಬೇಕು. ಕ್ಯೂಬ್ 8 ಕೆಜಿ ಮೇಲೆ ತೂಗಬೇಕು. ಏಳೂವರೆ ಕೆಜಿ ಕ್ಯೂಬ್ 30 ಕೊಟ್ಟಿದೆ ಅಂತ ರಿಪೋರ್ಟ್ ಬಂದರೆ ಲ್ಯಾಬ್‌ಗೆ ಫೋನ್ ಮಾಡಿ ಕೇಳಿ.

ಅಂಕಿಗಳು ತೀರಾ ಚೆಂದ ಇದ್ದರೂ ಅನುಮಾನ ಪಡಿ. 26.2, 26.4, 26.3, 26.3 ಅಂತ ಇಡೀ ಕಟ್ಟಡದ ರಿಪೋರ್ಟ್ ಒಂದೇ ತರಹ ಬಂದಿದ್ದರೆ, ಅವು ಟೇಬಲ್ ಮುಂದೆ ಕೂತು ಬರೆದ ಅಂಕಿ ಇರಬಹುದು. ನಿಜವಾದ ಕಾಂಕ್ರೀಟ್ ಏರಿಳಿಯುತ್ತದೆ. ಖಡಿ ಬದಲಾಗುತ್ತದೆ, ಉಸುಕಿನಲ್ಲಿ ನೀರು ಇರುತ್ತದೆ, ಕೈ ಬದಲಾಗುತ್ತದೆ. ಎಂ 20, ಎಂ 25ಕ್ಕೆ ಕೋಡ್‌ನವರೇ 4ರಷ್ಟು ಏರಿಳಿತ ಇರುತ್ತದೆ ಅಂತ ಹಿಡಿದಿದ್ದಾರೆ.

ಈಗ ಒಂದು ಸೂಕ್ಷ್ಮ ವಿಷಯ. ಮೂರು ಕ್ಯೂಬ್ 27.1, 26.4, 19.8 ಬಂದವು ಅನ್ನಿ. ಕೈ ತಾನಾಗಿ 19.8ರ ಮೇಲೆ ಗೆರೆ ಎಳೆಯಲು ಹೋಗುತ್ತದೆ. “ಆ ಕ್ಯೂಬ್ ಸರಿ ತುಂಬಿಲ್ಲ, ಬಿಡ್ರಿ” ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಆಗ ಸರಾಸರಿ 26.75 ಆಗುತ್ತದೆ, ನೋಡಲು ಎಷ್ಟು ಒಳ್ಳೆಯದು! ಆದರೆ ನಿಯಮ ಏನು? ಯಾವ ಕ್ಯೂಬೂ ಸರಾಸರಿಗಿಂತ ಶೇಕಡಾ 15ರಷ್ಟು ಮೇಲೋ ಕೆಳಗೋ ಹೋಗಬಾರದು. ಇಲ್ಲಿ ಸರಾಸರಿ 24.4, ಕೆಳಗಿನ ಮಿತಿ 20.8. 19.8 ಹೊರಗೆ ಹೋಯಿತು. ಹಾಗಾದರೆ ಆ ಇಡೀ ಸ್ಯಾಂಪಲ್ ಅಮಾನ್ಯ, ಮೂರೂ ಹೋದವು. ನಮಗೆ ಬೇಡವಾದ ಒಂದನ್ನು ಬಿಟ್ಟು ಬೇಕಾದ ಎರಡನ್ನು ಇಟ್ಟುಕೊಳ್ಳುವ ಹಾಗಿಲ್ಲ. ಬಿಡುವ ನಿಯಮ ಅಂಕಿ ನೋಡುವ ಮೊದಲೇ ಇರಬೇಕು. ಅಂಕಿ ನೋಡಿದ ಮೇಲೆ ಹುಟ್ಟಿದ ಕಾರಣ, ಅದು ಎಷ್ಟೇ ನಿಜ ಅನ್ನಿಸಿದರೂ, ನಂಬಬೇಡಿ. ಸ್ಯಾಂಪಲ್ ಅಮಾನ್ಯ ಅಂತ ಬರೆದು, ಆ ಭಾಗವನ್ನು ಬೇರೆ ರೀತಿಯಲ್ಲಿ ಪರೀಕ್ಷೆ ಮಾಡಿಸಿ.

“ಮೂವತ್ತ್ ಮನಿ ಕಟ್ಟೇನಿ” ಅನ್ನುವವರಿಗೆ

ಈ ಮಾತನ್ನು ಹಗುರವಾಗಿ ತಗೊಳ್ಳಬೇಡಿ, ಅವರು ಸುಳ್ಳು ಹೇಳುತ್ತಿಲ್ಲ. ಮೂವತ್ತು ಮನೆ ನಿಂತಿವೆ, ಖರೆ. ಆದರೆ ಅದರಿಂದ ಎಷ್ಟು ಗೊತ್ತಾಗುತ್ತದೆ ಅಂತ ಲೆಕ್ಕ ಮಾಡೋಣ. ಅವರ ಪದ್ಧತಿಯಲ್ಲಿ ಹತ್ತು ಮನೆಗೆ ಒಂದು ಕೆಡುತ್ತದೆ ಅಂತ ಇಟ್ಟುಕೊಳ್ಳಿ, ಅಂದರೆ ಭಯಂಕರ ಕೆಟ್ಟ ಪದ್ಧತಿ. ಆಗಲೂ ಮೂವತ್ತಕ್ಕೆ ಮೂವತ್ತೂ ಉಳಿಯುವ ಸಾಧ್ಯತೆ ಶೇಕಡಾ 4ರಷ್ಟು ಇದ್ದೇ ಇರುತ್ತದೆ. ಸುಲಭ ಸೂತ್ರ ಒಂದಿದೆ: ಏನೂ ಕೆಡದ ಎಣಿಕೆಯಿಂದ 3ನ್ನು ಭಾಗಿಸಿ. ಮೂವತ್ತು ಮನೆಗೆ 3 ಭಾಗ 30, ಅಂದರೆ ಹತ್ತರಲ್ಲಿ ಒಂದು. “ಅಪಾಯ ಇದಕ್ಕಿಂತ ಕಮ್ಮಿ” ಅಂತ ಮಾತ್ರ ಅವರ ಅನುಭವ ಹೇಳಬಲ್ಲದು, ಅದೂ ಶೇಕಡಾ 95ರ ಭರವಸೆಯಲ್ಲಿ. ಕಟ್ಟಡಕ್ಕೆ ನಮಗೆ ಬೇಕಾದ ಭರವಸೆ ಅದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ಅದು ಬರುವುದು ಲೆಕ್ಕ ಮತ್ತು ಪರೀಕ್ಷೆಯಿಂದಲೇ.

ಎರಡನೆಯ ವಾದವೂ ಬರುತ್ತದೆ: “ಸೇಫ್ಟಿ ಫ್ಯಾಕ್ಟರ್ ಐತಲ್ಲ.” ಇದೆ, ಭಾರಕ್ಕೆ 1.5, ಕಾಂಕ್ರೀಟ್‌ಗೆ 1.5, ಕಬ್ಬಿಣಕ್ಕೆ 1.15. ಆದರೆ ಅದು ಮನೆಮಂದಿಯೆಲ್ಲ ಕೈ ಹಾಕುವ ಒಂದೇ ಗಲ್ಲಾಪೆಟ್ಟಿಗೆ ಇದ್ದ ಹಾಗೆ. ಗೌಂಡಿ ನೀರು ಜಾಸ್ತಿ ಹಾಕುವಾಗ ಅದರಿಂದ ತೆಗೆಯುತ್ತಾರೆ. ಬಾರ್ ಬೆಂಡರ್ ಕಬ್ಬಿಣದ ಕೆಳಗಿಡುವ ಕವರ್ ಬ್ಲಾಕ್ ಮರೆತಾಗ ತೆಗೆಯುತ್ತಾರೆ. ಐದು ವರ್ಷದ ನಂತರ ಮಾಲಕರು ಟೆರೇಸ್ ಮೇಲೆ ಇನ್ನೊಂದು ಟ್ಯಾಂಕ್ ಇಡುವಾಗ ತೆಗೆಯುತ್ತಾರೆ. ಹುಬ್ಬಳ್ಳಿಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುವಾಗಲೂ ಅಷ್ಟೇ. ಎಷ್ಟು ಉಳಿದಿದೆ ಅಂತ ಯಾರಿಗೂ ಕಾಣುವುದಿಲ್ಲ.

ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಕತೆಯನ್ನು ಎಂಜಿನಿಯರ್‌ಗಳು ಮತ್ತೆ ಮತ್ತೆ ಓದಬೇಕು ಅನ್ನುವುದು ಇದಕ್ಕೇ. 1986ರ ಜನವರಿ 28ರಂದು ಅದು ಹಾರಿದ 73 ಸೆಕೆಂಡಿನಲ್ಲಿ ಸಿಡಿದು ಏಳು ಜನ ಸತ್ತರು. ರಾಕೆಟ್‌ನ ಜೋಡಣೆಯಲ್ಲಿದ್ದ ರಬ್ಬರ್ ಉಂಗುರ ಚಳಿಗೆ ಬಿಗಿಯಾಗಿ ಕೂರಲಿಲ್ಲ. ಹಿಂದಿನ ಹಾರಾಟಗಳಲ್ಲೂ ಉಂಗುರ ಸುಟ್ಟಿತ್ತು, ಆದರೂ ನೌಕೆ ವಾಪಸ್ ಬಂದಿತ್ತು. ಹಾಗಾಗಿ ಸುಡುವುದೇ ಮಾಮೂಲಿ ಅನ್ನಿಸಿಬಿಟ್ಟಿತ್ತು. ಹಿಂದಿನ ರಾತ್ರಿಯ ಫೋನ್ ಸಭೆಯಲ್ಲಿ ಆ ರಾಕೆಟ್ ಮಾಡಿದ ಕಂಪನಿಯ ಎಂಜಿನಿಯರ್ ರೋಜರ್ ಬೋಯ್ಸ್‌ಜೋಲಿ ಮತ್ತು ಜೊತೆಗಾರರು ಹಾರಿಸಬೇಡಿ ಅಂದರು. ಮೇಲಿನವರು ಒಬ್ಬ ಹಿರಿಯ ಎಂಜಿನಿಯರ್‌ಗೆ, ನಿಮ್ಮ ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಅಂದರು. ತೀರ್ಮಾನ ಬದಲಾಯಿತು. ಒಪ್ಪಿಗೆಗೆ ಸಹಿ ಹಾಕಲು ಅದೇ ಕಂಪನಿಯ ಅಲನ್ ಮೆಕ್‌ಡೊನಾಲ್ಡ್ ಒಪ್ಪಲಿಲ್ಲ, ಬೇರೊಬ್ಬರು ಹಾಕಿದರು.

ಆ ಚರ್ಚೆಯಲ್ಲಿ ಒಂದು ಕೊರತೆ ಇತ್ತು. ಚಳಿಗೂ ಹಾನಿಗೂ ಸಂಬಂಧ ಹುಡುಕುವಾಗ ಉಂಗುರ ಕೆಟ್ಟ ಹಾರಾಟಗಳನ್ನಷ್ಟೇ ನೋಡಿದ್ದರು, ಕೆಡದೇ ಇದ್ದವನ್ನು ಪಟ್ಟಿಗೆ ಸೇರಿಸಿರಲಿಲ್ಲ. ಎಲ್ಲವನ್ನೂ ಸೇರಿಸಿದಾಗ ಚಿತ್ರ ಸ್ಪಷ್ಟ ಇತ್ತು: ಸುಮಾರು 18 ಡಿಗ್ರಿಗಿಂತ ತಣ್ಣಗಿದ್ದ ನಾಲ್ಕು ಹಾರಾಟಗಳಲ್ಲಿ ನಾಲ್ಕರಲ್ಲೂ ಹಾನಿ, ಬೆಚ್ಚಗಿದ್ದ ಇಪ್ಪತ್ತರಲ್ಲಿ ಮೂರರಲ್ಲಿ ಮಾತ್ರ. ನಿಮ್ಮ ಕ್ಯೂಬ್ ರಿಜಿಸ್ಟರ್‌ನಲ್ಲೂ ಪಾಸು ಫೇಲು ಎರಡೂ ಒಂದೇ ಪಟ್ಟಿಯಲ್ಲಿರಲಿ. ಜೊತೆಗೆ ಬ್ಯಾಚ್ ಸಮಯ, ಸಿಮೆಂಟ್ ಬಂದ ದಿನ, ಯಾವ ಗ್ಯಾಂಗ್ ಅನ್ನುವುದೂ ಇರಲಿ. ಫೇಲಾದವೆಲ್ಲ ಮಧ್ಯಾಹ್ನದವೇ ಆಗಿದ್ದರೆ ಅದು ಆಗಲೇ ಕಣ್ಣಿಗೆ ಬೀಳುತ್ತದೆ.

ಕಮ್ಮಿ ಬಂದ ದಿನ ಮಾಡುವ ಕೆಲಸ

ರಿಪೋರ್ಟನ್ನು ಮೊದಲು ನೋಟ್‌ಬುಕ್‌ಗೆ ಇಳಿಸಿ. ಯಾರಿಗೂ ಫೋನ್ ಮಾಡುವ ಮುಂಚೆಯೇ ಬಂದ ಅಂಕಿ ಬಂದಂತೆಯೇ ಅಲ್ಲಿರಲಿ.

ಆಮೇಲೆ ಟೆಸ್ಟ್ ಸರಿಯಾಗಿ ಆಗಿದೆಯಾ ಅಂತ ವಿಚಾರಿಸಿ. ಕ್ಯೂಬ್ ಮೂಲೆ ಒಡೆದಿತ್ತಾ, ಟ್ಯಾಂಕಿನಲ್ಲಿ ಇತ್ತಾ, ಯಂತ್ರದ ಕ್ಯಾಲಿಬ್ರೇಷನ್ ಯಾವಾಗ ಆಗಿದೆ. ಇದು ನ್ಯಾಯವಾದ ಪ್ರಶ್ನೆಯೇ. ಆದರೆ ಪಾಸಾದಾಗ ಕೇಳದ ಪ್ರಶ್ನೆಯನ್ನು ಫೇಲಾದಾಗ ಮಾತ್ರ ಕೇಳುವುದು ಸರಿಯಲ್ಲ. ಯಂತ್ರದಲ್ಲಿ ದೋಷ ಇದ್ದರೆ ಹಿಂದಿನ ಪಾಸುಗಳೂ ಅನುಮಾನಕ್ಕೆ ಬರುತ್ತವೆ.

ಅದೇ ಹೊತ್ತಿಗೆ ಆ ಮಾಲು ಎಲ್ಲಿ ಬಿದ್ದಿದೆ ಅಂತ ಗುರುತಿಸಿ. ಆ ಭಾಗದ ಕೆಳಗಿನ ಪ್ರಾಪ್ಸ್ (ಆಸರೆ ಕಂಬಗಳು) ತೆಗೆಯಬೇಡಿ, ತೆಗೆದಿದ್ದರೆ ಡಿಸೈನರ್ ಹೇಳಿದಂತೆ ಮತ್ತೆ ಕೊಡಿಸಿ. ಎಲ್ಲ ಸರಿ ಇದ್ದಾಗಲೇ 4.5 ಮೀಟರ್‌ಗಿಂತ ದೊಡ್ಡ ಸ್ಲ್ಯಾಬ್‌ಗೆ 14 ದಿನ, 6 ಮೀಟರ್‌ಗಿಂತ ದೊಡ್ಡ ಬೀಮ್‌ಗೆ 21 ದಿನ ಪ್ರಾಪ್ಸ್ ಇರಬೇಕು. ಮೇಲೆ ಇಟ್ಟಿಗೆ, ಉಸುಕು ಪೇರಿಸುವುದನ್ನು ನಿಲ್ಲಿಸಿ. ಹೊಸ ಬಿರುಕು ಕಂಡರೆ, ಪ್ರಾಪ್ಸ್ ಬಾಗಿದರೆ, ಸದ್ದು ಕೇಳಿದರೆ ಬೇರೆ ಯಾವ ಲೆಕ್ಕವೂ ಬೇಡ. ಎಲ್ಲರನ್ನೂ ಹೊರಗೆ ಕಳಿಸಿ, ಕೆಳಗಿನ ಅಂಗಡಿಯವರನ್ನೂ ಸೇರಿಸಿ. 112ಕ್ಕೆ ಫೋನ್ ಮಾಡಿ.

ಮುಂದಿನ ಹಂತ ಕಾಗದ. ಹೀಗಿರಲಿ:

“ಗ್ರೌಂಡ್ ಫ್ಲೋರ್ ಮೇಲಿನ ಸ್ಲ್ಯಾಬ್, ಗ್ರಿಡ್ ಬಿ1ರಿಂದ ಡಿ3. 28 ದಿನದ ಮೂರು ಕ್ಯೂಬ್‌ಗಳು 20.4, 19.6, 21.1. ಸರಾಸರಿ 20.4. ಎಂ 25ಕ್ಕೆ ಕನಿಷ್ಠ 22 ಬೇಕು. ಈ ಭಾಗದ ಪ್ರಾಪ್ಸ್ ತೆಗೆಯುವುದನ್ನು ಮತ್ತು ಮೇಲಿನ ಕೆಲಸವನ್ನು ಇಂದಿನಿಂದ ನಿಲ್ಲಿಸಲು ಕೋರುತ್ತೇನೆ. ಮುಂದೇನು ಅಂತ ಡಿಸೈನರ್ ಬರಹದಲ್ಲಿ ತಿಳಿಸಬೇಕು. ರಿಪೋರ್ಟ್ ಜೊತೆಗಿದೆ.”

ಇಷ್ಟೇ ಸಾಕು. ಯಾರ ತಪ್ಪು ಅಂತ ಬರೆಯಬೇಡಿ, ಅದು ನಿಮಗಿನ್ನೂ ಗೊತ್ತಿಲ್ಲ. “ಅಪಾಯಕಾರಿ”, “ಭಯಾನಕ” ಅನ್ನುವ ಮಾತು ಬೇಡ. ಜಾಗ, ಅಂಕಿ, ಬೇಡಿಕೆ ಮೂರೇ ಇರಲಿ. ಮೂವರಿಗೂ ಒಟ್ಟಿಗೆ ಇಮೇಲ್ ಮಾಡಿ.

ಮಾಲಕರಿಗೆ ಎದುರಿಗೇ ಹೋಗಿ ಹೇಳುವುದು ಒಳ್ಳೆಯದು. ಮನೆ ಕಟ್ಟಲು ಸಾಲ ಮಾಡಿದವರು, ಗಾಬರಿಯಾಗುತ್ತಾರೆ. ಹೆದರಿಸಬೇಡಿ, ಸುಮ್ನೆ ಸಮಾಧಾನವನ್ನೂ ಹೇಳಬೇಡಿ. “ಸರ್ರ, ಸ್ಲ್ಯಾಬ್ ಬೀಳತೈತಿ ಅಂತ ನಾ ಹೇಳಾಕತ್ತಿಲ್ರಿ. ತಡೀತೈತಿ ಅಂತ ಹೇಳಾಕ ನನ್ನ ಹತ್ರ ಲೆಕ್ಕ ಇಲ್ರಿ. ಕೋರ್, ಅಂದ್ರ ಸ್ಲ್ಯಾಬಿಂದ ಕಾಂಕ್ರೀಟಿನ ಸಣ್ಣ ತುಂಡ, ಕೊರದ ತಗದ ನೋಡೋಣ್ರಿ, ಅಲ್ಲೀತನಾ ಮ್ಯಾಲ ಭಾರ ಬ್ಯಾಡ.” ಇದಕ್ಕಿಂತ ಜಾಸ್ತಿಯೂ ಬೇಡ, ಕಮ್ಮಿಯೂ ಬೇಡ.

ಕೋರ್, ಹ್ಯಾಮರ್, ಲೋಡ್ ಟೆಸ್ಟ್

ರಿಬೌಂಡ್ ಹ್ಯಾಮರ್ (ಕಾಂಕ್ರೀಟ್ ಮೇಲೆ ಬಡಿದು, ಪುಟಿಯುವುದರಿಂದ ತಾಕತ್ತು ಅಂದಾಜು ಮಾಡುವ ಉಪಕರಣ) ಹೊಡೆದು “ಪಾಸ್ ಆಯ್ತು” ಅನ್ನುವವರಿದ್ದಾರೆ. ಅದರ ಅಂದಾಜು ಶೇಕಡಾ 25ರಷ್ಟು ಆಚೀಚೆ ಇರಬಹುದು. ಯಾವ ಭಾಗ ದುರ್ಬಲ ಅಂತ ಹುಡುಕಲು ಅದು ಚೆನ್ನಾಗಿದೆ, ತೀರ್ಪು ಕೊಡಲು ಸಾಲದು. ಹ್ಯಾಮರ್ ಎಲ್ಲಿ ಕಮ್ಮಿ ತೋರಿಸುತ್ತದೋ ಅಲ್ಲೇ ಕೋರ್ ತೆಗೆಸಿ. ಚೆನ್ನಾಗಿ ಕಾಣುವ ಜಾಗ ಆರಿಸಿ ಕೋರ್ ತೆಗೆಯುವುದೂ ಸುಳ್ಳು ಅಂಕಿ ಬರೆದಂತೆಯೇ. ಮೂರು ಕೋರ್‌ಗಳ ಸರಾಸರಿ, ಕ್ಯೂಬ್ ತಾಕತ್ತಿಗೆ ಹೊಂದಿಸಿದ ಮೇಲೆ, ಬೇಕಾದದ್ದರ ಶೇಕಡಾ 85 ಇರಬೇಕು. ಒಂದೂ 75ರ ಕೆಳಗೆ ಹೋಗಬಾರದು. ಎಂ 25ಕ್ಕೆ ಇವು 21.25 ಮತ್ತು 18.75.

ಕೋರ್ ಪಾಸಾದರೆ ಅದನ್ನೂ ಅಷ್ಟೇ ಪ್ರಾಮಾಣಿಕವಾಗಿ ಬರೆಯಿರಿ. ಕ್ಯೂಬ್ ಫೇಲ್, ಕೋರ್ ಪಾಸ್, ಎರಡೂ ಫೈಲ್‌ನಲ್ಲಿ ಇರಲಿ. ಫೇಲಾದರೆ ಲೋಡ್ ಟೆಸ್ಟ್ ಇದೆ. ಸ್ವಂತ ಭಾರದ ಮೇಲೆ, ಬರಬಹುದಾದ ಭಾರದ 1.25 ಪಟ್ಟು ಹೇರಿ 24 ಗಂಟೆ ಬಿಡುತ್ತಾರೆ. ಭಾರ ತೆಗೆದು 24 ಗಂಟೆಯೊಳಗೆ ಬಗ್ಗಿದ್ದರಲ್ಲಿ ಶೇಕಡಾ 75 ವಾಪಸ್ ಬರಬೇಕು. ಇದನ್ನು ಡಿಸೈನರ್ ಎದುರಿಗಿದ್ದು, ಕೆಳಗೆ ಆಸರೆ ಕೊಟ್ಟೇ ಮಾಡಬೇಕು.

ಡಿಸೈನರ್ ಫೋನ್‌ನಲ್ಲಿ “ನಡೆಯುತ್ತೆ ಬಿಡಿ” ಅಂದರೆ, ಲೆಕ್ಕವನ್ನು ಬರಹದಲ್ಲಿ ಕೇಳಿ. ಕೇಳಲು ಸಂಕೋಚ ಆದರೆ ಕನ್ಸಾಸ್ ಸಿಟಿಯ ಹಯಾತ್ ಹೋಟೆಲನ್ನು ನೆನಪಿಸಿಕೊಳ್ಳಿ. ಅಲ್ಲಿ ಮೇಲಿನಿಂದ ತೂಗುಬಿಟ್ಟ ನಡೆದಾಟದ ಸೇತುವೆಗಳಿದ್ದವು. ಎರಡು ಸೇತುವೆಯನ್ನು ಹಿಡಿಯಬೇಕಿದ್ದ ಒಂದೇ ಉದ್ದನೆಯ ಕಬ್ಬಿಣದ ಸರಳಿನ ಬದಲು ಎರಡು ಚಿಕ್ಕವನ್ನು ಹಾಕಿದರು. ಕೆಲಸಕ್ಕೆ ಅನುಕೂಲ ಅಂತ ಮಾಡಿದ ಸಣ್ಣ ಬದಲಾವಣೆ. ಮೇಲಿನ ಜೋಡಣೆಯ ಮೇಲೆ ಭಾರ ಎರಡು ಪಟ್ಟಾಯಿತು. ಯಾರೂ ಹೊಸದಾಗಿ ಲೆಕ್ಕ ಮಾಡಲಿಲ್ಲ, ಡ್ರಾಯಿಂಗ್ ಮೇಲೆ ಎಂಜಿನಿಯರ್ ಮುದ್ರೆ ಮಾತ್ರ ಇತ್ತು. 1981ರ ಜುಲೈ 17ರಂದು ಸೇತುವೆಗಳು ಕಳಚಿ 114 ಜನ ಸತ್ತರು.

ಯಾರೂ ಕೇಳದಿದ್ದರೆ

ಇದು ಕಷ್ಟದ ಭಾಗ, ಸುಲಭ ಅಂತ ಹೇಳಿ ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ. ಮನೆಯಲ್ಲಿ ತಂಗಿಯ ಫೀಸು ಬಾಕಿ ಇರಬಹುದು, ಬೈಕ್ ಕಂತು ಇರಬಹುದು. ಕೆಲಸ ಹೋಗುವ ಭಯ ನಿಜವಾದದ್ದು. ಅದಕ್ಕೇ ಒಂಟಿಯಾಗಿ ಹೋರಾಡಬೇಡಿ. ಮೊದಲು ಡಿಸೈನರ್ ಹತ್ತಿರ ಹೋಗಿ, ಅವರ ಹೆಸರೂ ಡ್ರಾಯಿಂಗ್ ಮೇಲಿದೆ. ನಂತರ ಮಾಲಕರು. ನಿಮಗೆ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿ, ಹಳೆಯ ವಿದ್ಯಾರ್ಥಿ ಕೇಳಿದರೆ ರಿಪೋರ್ಟ್ ನೋಡಿ ಹೇಳುವವರು ಇದ್ದೇ ಇರುತ್ತಾರೆ. ಪ್ರಾಪ್ಸ್ ತೆಗೆಯಲು ಹೊರಟರೆ, ಜನ ವಾಸಕ್ಕೆ ಬರುವ ಹಾಗಿದ್ದರೆ, ಮಹಾನಗರ ಪಾಲಿಕೆಯ ನಗರ ಯೋಜನೆ ವಿಭಾಗಕ್ಕೆ ರಿಪೋರ್ಟ್ ಸಮೇತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಗದಗ, ಹಾವೇರಿಯಲ್ಲಿದ್ದರೆ ಅಲ್ಲಿನ ನಗರಸಭೆ.

ಸುಳ್ಳು ಅಂಕಿಗೆ ಮಾತ್ರ ಸಹಿ ಹಾಕಬೇಡಿ. “ಬ್ಯಾರೆಯವರ ಕಡೆ ಹಾಕಸ್ತೇವಿ” ಅಂದರೆ ಅನ್ನಲಿ. ನಿಮ್ಮ ನೋಟ್‌ಬುಕ್‌ನಲ್ಲಿ 20.4 ಇದೆ, ಇಮೇಲ್ ಹೋಗಿದೆ. ನಾಳೆ ಯಾರಾದರೂ ಆ ಸ್ಲ್ಯಾಬನ್ನು ಗಟ್ಟಿ ಮಾಡಲು ಬಂದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಅವರಿಗೆ ಆ ಕಾಗದದಿಂದಲೇ ಗೊತ್ತಾಗುವುದು. ಕೆಲಸ ಬಿಡಲೇಬೇಕಾಗಿ ಬಂದರೆ, ಬಿಡುವ ದಿನದವರೆಗಿನ ಕ್ಯೂಬ್ ರಿಜಿಸ್ಟರ್‌ನ ಜೆರಾಕ್ಸ್ ಮಾಡಿಸಿ. ಒಂದು ಪ್ರತಿ ಮಾಲಕರಿಗೆ, ಒಂದು ಡಿಸೈನರ್‌ಗೆ ಕೊಟ್ಟು, ಕೊಟ್ಟಿದ್ದಕ್ಕೆ ದಿನಾಂಕ ಹಾಕಿ ಸಹಿ ಪಡೆದುಕೊಳ್ಳಿ.